ಫ್ಯಾನ್ ಯಾವಾಗ ತಿರುಗಬೇಕು?

ಖಂಬಾಟ್ಕಿ ಘಾಟಿನ ಏರಿನಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಾಗ ಹಿಂದಿನ ಸೀಟಿನಲ್ಲಿದ್ದ ಅಪ್ಪ ಕೇಳಿದ್ದು ಒಂದೇ ಮಾತು: "ಫ್ಯಾನ್ ತಿರಗಾಕತ್ತೈತೋ ಇಲ್ಲೋ?"

ತಿರುಗುತ್ತಿರಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ನಾನೇ ಅಂಟಿಸಿದ್ದ ಡಿಜಿಟಲ್ ಕಂಟ್ರೋಲರಿನ ಪುಟ್ಟ ಪರದೆಯಲ್ಲಿ ಎಂಜಿನ್ನಿನ ಉಷ್ಣತೆ ಮೈನಸ್ 40 ಡಿಗ್ರಿ ಎಂದಿತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ, ಮುಂದೆ ಸಕ್ಕರೆ ಮೂಟೆ ಹೊತ್ತ ಲಾರಿ, ಸಾತಾರಾ ಇನ್ನೂ ದೂರ. ಎಂಜಿನ್ ಕುದಿಯುತ್ತಿತ್ತು, ಕಂಟ್ರೋಲರ್ ಮಾತ್ರ ಸೈಬೀರಿಯಾದಲ್ಲಿತ್ತು.

ಗಾಡಿ 1979ರ ಪ್ರೀಮಿಯರ್ ಪದ್ಮಿನಿ, ಹೆಚ್ಚುಕಡಿಮೆ ನನ್ನದೇ ವಯಸ್ಸು. ಹುಬ್ಬಳ್ಳಿಯಲ್ಲಿ ರೈಲ್ವೆ ಸಿಗ್ನಲ್ ವಿಭಾಗದಲ್ಲಿದ್ದ ಅಪ್ಪ 1987ರಲ್ಲಿ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. 2019ರಲ್ಲಿ ಅಪ್ಪ-ಅಮ್ಮ ಪುಣೆಗೆ ನಮ್ಮ ಮನೆಗೆ ಬಂದಾಗ ಗಾಡಿಯೂ ಬಂತು. ಅಲ್ಲಿಯವರೆಗೆ ಒಮ್ಮೆಯೂ ಕುದಿಯದಿದ್ದದ್ದು ಇಲ್ಲಿ ಬಂದ ಮೊದಲ ಬೇಸಿಗೆಗೇ ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಎರಡು ಸಲ ಕುದಿಯಿತು. ತಪ್ಪು ಗಾಡಿಯದಲ್ಲ. ಹುಬ್ಬಳ್ಳಿಯಲ್ಲಿ ಅದು ಎಂದೂ ಒಂದೇ ಜಾಗದಲ್ಲಿ ನಲವತ್ತು ನಿಮಿಷ ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿರಲಿಲ್ಲ. ಅದರ ಮೇಲೆ ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದ ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣ ಕಟ್ಟಿತ್ತು. ರೇಡಿಯೇಟರ್ ತೊಳೆಸಿದೆ, ಅರ್ಧ ಸಮಸ್ಯೆ ಹೋಯಿತು. ಉಳಿದರ್ಧಕ್ಕೆ ಎಲೆಕ್ಟ್ರಿಕ್ ಫ್ಯಾನ್ ಹಾಕಿಸೋಣ ಎಂದೆ. ಅಪ್ಪ ಒಪ್ಪಿದರು, ಮನಸ್ಸಿಲ್ಲದ ಮನಸ್ಸಿನಿಂದ. ಫ್ಯಾನ್ ಆರಿಸುವುದು ಸುಲಭವಾಗಿತ್ತು. ಆ ಫ್ಯಾನಿಗೆ 'ಈಗ ತಿರುಗು, ಈಗ ನಿಲ್ಲು' ಎಂದು ಹೇಳುವ ಕಂಟ್ರೋಲರ್ ಆರಿಸುವುದರಲ್ಲಿ ನಾನು ಎಡವಿದೆ. ಆ ಘಾಟಿನ ಮೇಲೆ ಹೆಡ್ ಗ್ಯಾಸ್ಕೆಟ್ ಹೋಯಿತು. ಅಲ್ಯುಮಿನಿಯಂ ಹೆಡ್ ಸಣ್ಣಗೆ ಬಾಗಿತು. ಗಾಡಿ ಮೂರು ವಾರ ಸಾತಾರಾದ ಗ್ಯಾರೇಜಿನಲ್ಲಿ ಮಲಗಿತು. ಅಪ್ಪ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಮೂರು ವಾರ ನಾನು ಮಾಡಿದ್ದು, ಆಫೀಸಿನಲ್ಲಿ ಯಾವುದಾದರೂ ರಿಲೀಸ್ ಕೈಕೊಟ್ಟಾಗ ಮಾಡುವ ಕೆಲಸವನ್ನೇ: ಮೊದಲಿನಿಂದ ಏನೇನಾಯಿತು ಎಂದು ಹಿಂದಕ್ಕೆ ಹೋಗುವುದು. ಹೋಗುತ್ತಾ ಹೋಗುತ್ತಾ 1886ಕ್ಕೆ ಮುಟ್ಟಿದೆ.

ಆ ವರ್ಷದ ಕಾರ್ಲ್ ಬೆಂಜ್ ಅವರ ಮೂರು ಗಾಲಿಯ ಬಂಡಿಯಲ್ಲಿ ಫ್ಯಾನೇ ಇಲ್ಲ, ಇಂದಿನ ಅರ್ಥದ ರೇಡಿಯೇಟರೂ ಇಲ್ಲ. ಸಿಲಿಂಡರಿನ ಸುತ್ತ ನೀರು, ನೀರು ಕುದಿದು ಆವಿಯಾಗಿ ಹೋಗುತ್ತಿತ್ತು, ಅಷ್ಟೆ. 1888ರ ಆಗಸ್ಟಿನಲ್ಲಿ ಅವರ ಹೆಂಡತಿ ಬೆರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ದೂರ, ಗಂಡನಿಗೆ ಹೇಳದೆ ಹೊರಟ ಕಥೆ ಎಲ್ಲರಿಗೂ ಗೊತ್ತು. ಔಷಧಿ ಅಂಗಡಿಯಲ್ಲಿ ಇಂಧನ ಕೊಂಡದ್ದನ್ನು ಎಲ್ಲರೂ ಹೇಳುತ್ತಾರೆ. ದಾರಿಯುದ್ದಕ್ಕೂ ಸಿಕ್ಕಲ್ಲೆಲ್ಲ ನೀರು ತುಂಬಿಸಿಕೊಂಡದ್ದನ್ನು ಯಾರೂ ಒತ್ತಿ ಹೇಳುವುದಿಲ್ಲ. ಡಿಕ್ಕಿಯಲ್ಲಿ ನೀರಿನ ಕ್ಯಾನ್ ಇಟ್ಟುಕೊಂಡು ಓಡಾಡಿದ ನಮ್ಮ ಹಳೆಯ ಡ್ರೈವರುಗಳೆಲ್ಲ ಆಕೆಯ ವಂಶದವರೇ.

ಆ ತಾಪತ್ರಯವನ್ನು ತಪ್ಪಿಸಿದವರು ವಿಲ್ಹೆಲ್ಮ್ ಮೇಬಾಕ್. 1901ರ 35 ಅಶ್ವಶಕ್ತಿಯ ಮರ್ಸಿಡಿಸ್‌ಗೆ ಅವರು 8,070 ಸಣ್ಣ ಚೌಕ ಕೊಳವೆಗಳನ್ನು ಬೆಸೆದು ಜೇನುಗೂಡಿನಂಥ ರೇಡಿಯೇಟರ್ ಮಾಡಿದರು. ಹೊತ್ತೊಯ್ಯಬೇಕಾದ ನೀರು ಅರ್ಧದಷ್ಟಾಯಿತು. ರೇಡಿಯೇಟರಿನ ಹಿಂದೆ ಒಂದು ಫ್ಯಾನನ್ನೂ ಇಟ್ಟರು, ಗಾಡಿ ನಿಧಾನವಾಗಿ ಹೋಗುವಾಗ ಗಾಳಿ ಸಾಲದು ಎಂದು. ಈ ವಾಕ್ಯವನ್ನು ನಾನು ಎರಡು ಸಲ ಓದಿದೆ. ಫ್ಯಾನ್ ಹುಟ್ಟಿದ್ದೇ ನಿಧಾನದ ಓಟಕ್ಕಾಗಿ. ಆದರೆ ಅದನ್ನು ತಿರುಗಿಸಲು ಇದ್ದದ್ದು ಎಂಜಿನ್ ಒಂದೇ. ಗಾಡಿ ನಿಧಾನವಾದರೆ ಎಂಜಿನ್ ನಿಧಾನ, ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಗಾಳಿ ಬೇಕಾದಾಗ ಕಡಿಮೆ ಬೀಸುವುದು, ಬೇಡವಾದಾಗ ಜೋರಾಗಿ ಬೀಸುವುದು. ಈ ವಿರೋಧಾಭಾಸವನ್ನು ಇಟ್ಟುಕೊಂಡೇ ಕಾರುಗಳು ಮುಂದಿನ ಅರವತ್ತು-ಎಪ್ಪತ್ತು ವರ್ಷ ಓಡಿದವು. 1908ರ ಫೋರ್ಡ್ ಮಾಡೆಲ್ ಟಿ ಮೊದಲ ಕೆಲವು ಸಾವಿರ ಗಾಡಿಗಳ ನಂತರ ನೀರಿನ ಪಂಪನ್ನೂ ಬಿಟ್ಟುಕೊಟ್ಟು, ಬಿಸಿನೀರು ಮೇಲೇರುತ್ತದೆ ತಣ್ಣೀರು ಕೆಳಗಿಳಿಯುತ್ತದೆ ಎಂಬ ಒಂದೇ ಸತ್ಯದ ಮೇಲೆ ಬದುಕಿತು. ಆದರೆ ಬೆಲ್ಟು ಕಟ್ಟಿದ ಫ್ಯಾನನ್ನು ಅದೂ ಬಿಡಲಿಲ್ಲ.

ಬೆಲ್ಟ್ ಫ್ಯಾನಿನ ಖರ್ಚೂ ಕಡಿಮೆಯದಲ್ಲ. ಫ್ಯಾನ್ ತಿರುಗಿಸಲು ಬೇಕಾಗುವ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಎಂಜಿನ್ ನಿಮಿಷಕ್ಕೆ 1000 ಸುತ್ತಿನಿಂದ 4000ಕ್ಕೆ ಹೋದರೆ ಫ್ಯಾನ್ ನುಂಗುವ ಶಕ್ತಿ ನಾಲ್ಕು ಪಟ್ಟಲ್ಲ, 64 ಪಟ್ಟು. ಅದೂ ಹೈವೇಯಲ್ಲಿ, ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತಿರುವಾಗ. ಫ್ರೆಂಚರಿಗೆ ಇದು ಸಹಿಸಲಿಲ್ಲವೇನೋ, 1960ರ ಪ್ಯೂಜೋ 404ರಲ್ಲಿ ಫ್ಯಾನಿನ ಗುಂಬಕ್ಕೆ ವಿದ್ಯುತ್ಕಾಂತದ ಕ್ಲಚ್ ಕೂರಿಸಿದರು. ನೀರು ಬಿಸಿಯಾದರೆ ಮಾತ್ರ ಕಾಂತ ಫ್ಯಾನನ್ನು ಹಿಡಿದು ತಿರುಗಿಸುತ್ತದೆ, ಇಲ್ಲದಿದ್ದರೆ ಬಿಟ್ಟುಬಿಡುತ್ತದೆ. ತಿರುಗಬೇಕೋ ಬೇಡವೋ ಎಂಬ ತೀರ್ಮಾನ ಎಂಜಿನ್ ವೇಗದ ಕೈಯಿಂದ ನೀರಿನ ಬಿಸಿಯ ಕೈಗೆ ಬಂತು. ಆದರೆ ಐಡಲ್‌ನಲ್ಲಿ ಕಾಂತ ಹಿಡಿದರೂ ಫ್ಯಾನ್ ತಿರುಗುವುದು ಎಂಜಿನ್ನಿನಷ್ಟೇ ನಿಧಾನ. ಅರ್ಧ ಬಿಡುಗಡೆ ಅನ್ನಬಹುದು.

ಪೂರ್ತಿ ಬಿಡುಗಡೆ ಬಂದದ್ದು ಮಿತವ್ಯಯದ ಯೋಚನೆಯಿಂದಲ್ಲ, ಜಾಗದ ಜಗಳದಿಂದ. 1959ರ ಮಿನಿಯಲ್ಲಿ ಅಲೆಕ್ ಇಸಿಗೋನಿಸ್ ಎಂಜಿನ್ನನ್ನು ಅಡ್ಡ ತಿರುಗಿಸಿ ಇಟ್ಟರು. ಪುಟ್ಟ ಗಾಡಿಯೊಳಗೆ ನಾಲ್ಕು ಜನಕ್ಕೆ ಜಾಗವಾಯಿತು. ಆದರೆ ಎಂಜಿನ್ ಅಡ್ಡಕ್ಕೆ ಕೂತ ಮೇಲೆ ಅದರ ಫ್ಯಾನ್ ಮುಂದಕ್ಕೆ ಮುಖ ಮಾಡುವುದಿಲ್ಲ, ಪಕ್ಕಕ್ಕೆ ಮಾಡುತ್ತದೆ. ಇಸಿಗೋನಿಸ್ ಫ್ಯಾನಿನ ಹಿಂದೆಯೇ ಹೋಗಿ ರೇಡಿಯೇಟರನ್ನೂ ಪಕ್ಕಕ್ಕೆ, ಚಕ್ರದ ಕಮಾನಿನ ಬದಿಗೆ ಒಯ್ದರು. ಎದುರುಗಾಳಿಯ ಸಹಾಯ ಅದಕ್ಕೆ ತಪ್ಪಿತು.

ಇದೇ ಸಮಸ್ಯೆಯನ್ನು ಟ್ಯೂರಿನ್‌ನಲ್ಲಿ ದಾಂತೆ ಜಕೋಸಾ ಬೇರೆ ರೀತಿ ಬಿಡಿಸಿದರು. 1969ರ ಫಿಯಟ್ 128ರಲ್ಲಿ ಎಂಜಿನ್ ಅಡ್ಡಕ್ಕಿದೆ, ಆದರೆ ರೇಡಿಯೇಟರ್ ಎಂದಿನಂತೆ ಮುಂದೆ ಗಾಳಿಗೆ ಎದೆಯೊಡ್ಡಿ ನಿಂತಿದೆ. ಅದರ ಹಿಂದೆ ವಿದ್ಯುತ್ ಮೋಟಾರಿನ ಫ್ಯಾನ್. ಎಂಜಿನ್ನಿಗೂ ಅದಕ್ಕೂ ಬೆಲ್ಟಿನ ಸಂಬಂಧವೇ ಇಲ್ಲ, ನೀರಿನ ಬಿಸಿ ನೋಡಿ ಒಂದು ಸ್ವಿಚ್ ಅದನ್ನು ಎಬ್ಬಿಸುತ್ತದೆ, ಮಲಗಿಸುತ್ತದೆ. ಈಗ ರಸ್ತೆಯಲ್ಲಿ ಕಾಣುವ ಸಣ್ಣ ಕಾರುಗಳೆಲ್ಲ ಹೆಚ್ಚುಕಡಿಮೆ ಈ ಅಚ್ಚಿನವೇ. ನಮ್ಮಲ್ಲಿ 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕೂಡ ಹಾಗೆಯೇ.

ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಬೇರೆ. ಜಕೋಸಾ ಅವರೇ ನಮ್ಮ ಪದ್ಮಿನಿಯ ಮೂಲಪುರುಷ. 1953ರಲ್ಲಿ ಬಂದ ಫಿಯಟ್ 1100 ಅವರ ಕೈಕೆಳಗೆ ರೂಪುಗೊಂಡದ್ದು. ಅದರ ಸಂತತಿಯ 1100 ಡಿ ಮುಂಬಯಿಯ ಕುರ್ಲಾಕ್ಕೆ 1964ರಲ್ಲಿ ಬಂತು, ಮುಂದೆ ಪ್ರೀಮಿಯರ್ ಪ್ರೆಸಿಡೆಂಟ್ ಎಂದೂ ಆಮೇಲೆ ಪದ್ಮಿನಿ ಎಂದೂ ಹೆಸರು ಬದಲಿಸಿಕೊಂಡಿತು. ಇಟಲಿಯಲ್ಲಿ 1100 ಮನೆತನವನ್ನು ನಿಲ್ಲಿಸಿ ಅದರ ಜಾಗಕ್ಕೆ ತಂದ ಗಾಡಿಯೇ 128. ಅಂದರೆ ಬೆಲ್ಟ್ ಫ್ಯಾನಿನ ಕಾರನ್ನು ಮಾಡಿದ ಮನುಷ್ಯನೇ ಹದಿನಾರು ವರ್ಷದ ನಂತರ ಅದನ್ನು ಎಲೆಕ್ಟ್ರಿಕ್ ಫ್ಯಾನಿನ ಕಾರಿನಿಂದ ಬದಲಿಸಿದ. ಆ ಸುದ್ದಿ ಕುರ್ಲಾದವರೆಗೆ ಬರಲಿಲ್ಲ. ಅಲ್ಲಿ ಹಳೆಯದೇ ಇನ್ನೂ ಮೂವತ್ತು ವರ್ಷ ತಯಾರಾಯಿತು, ಜನ ಹಣ ಕಟ್ಟಿ ವರ್ಷಗಟ್ಟಲೆ ಕಾದು ಕೊಂಡರು.

ಕುರ್ಲಾದ ಆ ಕಾರ್ಖಾನೆಯ ವಿಷಯ ಬಂದಾಗ ನಾವು ಕನ್ನಡಿಗರು ಒಂದು ನಿಟ್ಟುಸಿರು ಬಿಡಬಹುದು. ಭಾರತದಲ್ಲೇ ಕಾರು ತಯಾರಾಗಬೇಕು ಎಂದು 1930ರ ದಶಕದಲ್ಲಿ ಯುರೋಪು, ಅಮೆರಿಕ ಸುತ್ತಿ ಯೋಜನೆ ಬರೆದವರು ವಿಶ್ವೇಶ್ವರಯ್ಯನವರು. ಅವರ ಜೊತೆ ನಿಂತ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಕಾರ್ಖಾನೆಗೆ ಮುಂದಾಗಿತ್ತು, ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ವಾಲ್‌ಚಂದ್ 1940ರಲ್ಲಿ ಬೆಂಗಳೂರಿಗೆ ಕೊಟ್ಟದ್ದು ವಿಮಾನ ಕಾರ್ಖಾನೆ, ಈಗಿನ ಎಚ್‌ಎಎಲ್. ಕಾರಿನ ಕನಸು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆಗಿ ಮುಂಬಯಿ ಸೇರಿತು. ಅಪ್ಪನಿಗೆ ಇದನ್ನು ಹೇಳಿದಾಗ "ಹಂಗಾರ ಇದು ನಮ್ಮೂರಿಗೇ ಬರಬೇಕಾದ ಗಾಡಿ" ಅಂದರು.

ಇರಲಿ, ಕಂಟ್ರೋಲರಿಗೆ ಬರೋಣ. ಅಂಗಡಿಯಲ್ಲಿ ಸಿಗುವವು ಮುಖ್ಯವಾಗಿ ಮೂರು ಜಾತಿ, ಮೂರಕ್ಕೂ ದೊಡ್ಡ ದೊಡ್ಡ ಅಜ್ಜಂದಿರಿದ್ದಾರೆ.

ಒಂದು, ರೇಡಿಯೇಟರಿಗೆ ತಿರುಪಿ ಕೂರಿಸುವ ಹಿತ್ತಾಳೆಯ ಸ್ವಿಚ್. ಒಳಗೆ ಎರಡು ಲೋಹಗಳನ್ನು ಬೆಸೆದ ಒಂದು ತೆಳು ತಗಡು. ಬಿಸಿಗೆ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ತಗಡು ಬಾಗಿ ಸಂಪರ್ಕ ಮುಚ್ಚುತ್ತದೆ. ಈ ಜೋಡಿ ಲೋಹದ ಪಟ್ಟಿಯನ್ನು ಮೊದಲು ಬಳಸಿದವರು ಇಂಗ್ಲೆಂಡಿನ ಬಡಗಿ-ಗಡಿಯಾರಗಾರ ಜಾನ್ ಹ್ಯಾರಿಸನ್. ಹಡಗಿನಲ್ಲಿ ರೇಖಾಂಶ ತಿಳಿಯಲು ಮಾಡಿದ ಮೂರನೇ ಗಡಿಯಾರದಲ್ಲಿ, ಬಿಸಿಲು-ಚಳಿಗೆ ಅದು ಹಿಂದೆ ಮುಂದೆ ಓಡದಿರಲಿ ಎಂದು, ಹಿತ್ತಾಳೆ ಉಕ್ಕುಗಳನ್ನು ಕೂಡಿಸಿದ್ದರು. 1759ರಲ್ಲಿ ಮುಗಿದ ಆ ಗಡಿಯಾರ ಗ್ರೀನಿಚ್‌ನಲ್ಲಿದೆ. ಈ ಸ್ವಿಚ್ಚುಗಳ ಮೇಲೆ ಎರಡು ಅಂಕಿ ಇರುತ್ತವೆ, 92-87 ಎಂಬಂತೆ: 92ಕ್ಕೆ ಹೊತ್ತಿಕೋ, 87ಕ್ಕೆ ಆರು. ನಡುವಿನ ಐದು ಡಿಗ್ರಿ ಅಂತರ ಇಲ್ಲದಿದ್ದರೆ ಫ್ಯಾನ್ ಒಂದೇ ಸಮನೆ ಹತ್ತಿ-ಆರಿ ರಿಲೇಯ ಹಲ್ಲು ಉದುರಿಸುತ್ತದೆ. ಪದ್ಮಿನಿಯ ರೇಡಿಯೇಟರಿನಲ್ಲಿ ಇದನ್ನು ಕೂರಿಸುವ ತೂತಿಲ್ಲ. ತೊಟ್ಟಿಗೆ ಹೊಸ ತೂತು ಕೊರೆಯಲು ಅಪ್ಪ ಬಿಡಲಿಲ್ಲ. ಹೋಸ್ ಪೈಪನ್ನು ಕತ್ತರಿಸಿ ನಡುವೆ ಕೂರಿಸುವ ಅಲ್ಯುಮಿನಿಯಂ ತುಂಡು ಸಿಗುತ್ತದೆ, ಅದನ್ನೇ ಮೊದಲು ತಂದೆ. ಫ್ಯಾನ್ ಅಲುಗಲಿಲ್ಲ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಎರಡೂ ಕಡೆ ರಬ್ಬರ್, ಸ್ವಿಚ್ಚಿನ ಮೈಗೆ ಅರ್ತ್ ಎಲ್ಲಿಂದ ಬರಬೇಕು? ಎಂಟೆಕ್ ಮಾಡಿದವನ ಮರ್ಯಾದೆ ಅಂದು ಅಪಾರ್ಟ್‌ಮೆಂಟಿನ ವಾಚ್‌ಮನ್ ಎದುರು ಹೋಯಿತು. ಬೇಸರವಾಗಿ ಅದನ್ನು ಬಿಚ್ಚಿಟ್ಟೆ. ಒಂದು ತಂತಿ ಕಟ್ಟಿದ್ದರೆ ಸಾಕಿತ್ತು.

ಇನ್ನೊಂದು ಜಾತಿ, ತಾಮ್ರದ ನರದ ತುದಿಗೆ ಪುಟ್ಟ ಬಲ್ಬ್ ಇರುವುದು. ಬಲ್ಬಿನೊಳಗಿನ ದ್ರವ ಬಿಸಿಗೆ ಹಿಗ್ಗಿ, ನರದ ಇನ್ನೊಂದು ತುದಿಯ ಪೊರೆಯನ್ನು ಒತ್ತಿ ಸ್ವಿಚ್ ಒತ್ತುತ್ತದೆ. ಮನೆಯ ಫ್ರಿಜ್ಜು, ಗೀಸರುಗಳಲ್ಲಿರುವುದೂ ಇದೇ. ಹದಿನೇಳನೇ ಶತಮಾನದ ಆರಂಭದಲ್ಲಿ ಡಚ್ ಸಂಶೋಧಕ ಕೊರ್ನೇಲಿಸ್ ಡ್ರೆಬೆಲ್ ಮೊಟ್ಟೆ ಮರಿಮಾಡುವ ಒಲೆಗೆ ದ್ರವದ ಹಿಗ್ಗುವಿಕೆಯಿಂದಲೇ ಗಾಳಿಕಿಂಡಿ ಮುಚ್ಚಿ-ತೆರೆಯುವ ಏರ್ಪಾಡು ಮಾಡಿದ್ದ. ಬ್ರಿಟನ್ನಿನ ಕೆನ್‌ಲೋ ಕಂಪನಿ ಹಳೆಯ ಕಾರುಗಳಿಗೆ ಮಾರಿದ ಎಲೆಕ್ಟ್ರಿಕ್ ಫ್ಯಾನುಗಳೊಂದಿಗೆ ಇದೇ ಜಾತಿಯ ಥರ್ಮೋಸ್ಟಾಟ್ ಬರುತ್ತಿತ್ತು. ತಿರುಗುಣಿ ತಿರುಗಿಸಿ ಎಷ್ಟು ಡಿಗ್ರಿಗೆ ಬೇಕೋ ಅಷ್ಟಕ್ಕೆ ಇಡಬಹುದು. ನೋಡಲು ಹಳೇ ಕಾಲದ್ದು ಎಂದು ನಾನು ಅಸಡ್ಡೆ ಮಾಡಿದೆ.

ನಾನು ಮರುಳಾದದ್ದು ಮೂರನೆಯದಕ್ಕೆ. ಥರ್ಮಿಸ್ಟರ್ ಎಂಬ ಸಣ್ಣ ಮಣಿ, ಒಂದು ಮೈಕ್ರೋಕಂಟ್ರೋಲರ್, ಪಲ್ಸುಗಳಲ್ಲಿ ವಿದ್ಯುತ್ ಕೊಟ್ಟು ಫ್ಯಾನಿನ ವೇಗವನ್ನು ಮೆಲ್ಲಗೆ ಏರಿಸುವ ಸರ್ಕ್ಯೂಟ್. ಇದರ ವಾದ ಬಲವಾದದ್ದೇ. ಆಗಲೇ ಹೇಳಿದ ಘನದ ಲೆಕ್ಕ ಇಲ್ಲಿ ನಮ್ಮ ಪರ: ಅರ್ಧ ವೇಗದಲ್ಲಿ ಫ್ಯಾನ್ ತಿರುಗಿಸಲು ಎಂಟನೇ ಒಂದು ಪಾಲು ಶಕ್ತಿ ಸಾಕು. ಡೈನಮೋ ಇರುವ ಹಳೇ ಗಾಡಿಗೆ ಇದು ಸಣ್ಣ ಮಾತಲ್ಲ. ಡೈನಮೋ ಐಡಲ್‌ನಲ್ಲಿ ಏನೂ ಉತ್ಪಾದಿಸುವುದಿಲ್ಲ ಎಂದೇ ಇಟ್ಟುಕೊಳ್ಳಿ, ಕೆಂಪು ದೀಪ ಮಿನುಗುತ್ತಿರುತ್ತದೆ. ಫ್ಯಾನ್ ಬೇಕಾಗುವುದೂ ಐಡಲ್‌ನಲ್ಲೇ. ಜುನಾ ಬಜಾರಿನಲ್ಲಿ ತಂದ ಮಾರುತಿಯ ಫ್ಯಾನ್ ನಾನು ಅಳೆದಾಗ 9 ಆಂಪಿಯರ್ ಎಳೆಯಿತು, ಶುರುವಾಗುವ ಕ್ಷಣದಲ್ಲಿ ಅದರ ಮೂರು ಪಟ್ಟು. ಟ್ರಾಫಿಕ್ ಜಾಮಿನಲ್ಲಿ ಅಷ್ಟನ್ನೂ ಬ್ಯಾಟರಿಯೇ ಹೊರಬೇಕು. ಸಿಲಿಕಾನ್ ಡಯೋಡ್ ಅಗ್ಗವಾಗಿ, ಕ್ರೈಸ್ಲರ್ 1960ರ ವ್ಯಾಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೂರಿಸಿದ ಮೇಲೆ ಈ ಚಿಂತೆ ಜಗತ್ತಿಗೆ ಕ್ರಮೇಣ ಹೋಯಿತು. ಆದ್ದರಿಂದ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು, ಡೈನಮೋ ಇದ್ದರೆ ಕಂಟ್ರೋಲರಿಗಿಂತ ಮುಂಚೆ ಆಲ್ಟರ್ನೇಟರ್ ಹಾಕಿಸಿ ಎಂದು. ನಾನು ಹಾಕಿಸಿದ್ದು ಘಾಟಿನ ಪ್ರಸಂಗ ಆದ ಮೇಲೆ.

ಇನ್ನು ಥರ್ಮಿಸ್ಟರ್. ಬಿಸಿಯಾದರೆ ಲೋಹದ ವಿದ್ಯುತ್ ನಿರೋಧ ಏರುತ್ತದೆ, ಆದರೆ ಬೆಳ್ಳಿಯ ಸಲ್ಫೈಡಿನಲ್ಲಿ ಇಳಿಯುತ್ತದೆ ಎಂದು 1833ರಲ್ಲಿ ಮೈಕಲ್ ಫ್ಯಾರಡೆ ಕಂಡರು. ಈ ಉಲ್ಟಾ ಗುಣವೇ ಇಂದಿನ ಥರ್ಮಿಸ್ಟರಿನ ಜೀವಾಳ: ನಿರೋಧ ಕಡಿಮೆಯಾದರೆ ಬಿಸಿ, ಹೆಚ್ಚಾದರೆ ತಣ್ಣಗೆ. ಹಾಗಾದರೆ ಅದರ ತಂತಿ ತುಂಡಾದರೆ? ನಿರೋಧ ಅನಂತ. ಅಂದರೆ ಕಂಟ್ರೋಲರಿನ ಕಣ್ಣಿಗೆ ಅನಂತ ಚಳಿ. ನನ್ನ ಗಾಡಿಯಲ್ಲಿ ಕಂಪನಕ್ಕೆ ತಂತಿಯ ಬೆಸುಗೆ ಬಿಟ್ಟಿತ್ತು. ಮೈನಸ್ 40 ಅದರ ಕೋಷ್ಟಕದ ಕೊನೆಯ ಅಂಕಿ, ಅಷ್ಟೇ. ಇಂದಿನ ಕಾರುಗಳ ಕಂಪ್ಯೂಟರುಗಳು ಇಂಥ ಅಸಂಭವ ಅಂಕಿ ಕಂಡರೆ ಸೆನ್ಸರ್ ಕೆಟ್ಟಿದೆ ಎಂದು ತಿಳಿದು ಫ್ಯಾನನ್ನು ಜೋರಾಗಿ ಬಿಟ್ಟುಬಿಡುತ್ತವೆ. ನಾನು ತಂದ ಡಬ್ಬಿಗೆ ಅಷ್ಟು ಬುದ್ಧಿ ಬರೆದಿರಲಿಲ್ಲ. ಇನ್‌ಪುಟ್ ತಪ್ಪಾದರೆ ಏನು ಮಾಡುತ್ತದೆ ಎಂದು ಇಪ್ಪತ್ತು ವರ್ಷದಿಂದ ಬೇರೆಯವರ ಕೋಡನ್ನು ಕೇಳುತ್ತಾ ಬಂದ ನಾನು ಅದನ್ನು ಮಾತ್ರ ಕೇಳಲಿಲ್ಲ. ತಂತಿ ಕಿತ್ತು ನೋಡುವ ಪರೀಕ್ಷೆ, ಹತ್ತು ಸೆಕೆಂಡಿನ ಕೆಲಸ.

ಇಷ್ಟನ್ನೂ ಒಂದು ರಾತ್ರಿ ಅಪ್ಪನಿಗೆ ವಿವರಿಸಿದೆ, ಒಂದು ರೀತಿ ತಪ್ಪೊಪ್ಪಿಗೆ. ಅವರು ಪೂರ್ತಿ ಕೇಳಿ, "ಸಿಗ್ನಲ್ ತಂತಿ ಹರದ್ರ ಕೈ ಎಲ್ಲಿಗೆ ಹೋಗತೈತಿ, ಹೇಳು" ಎಂದರು.

ಹಳೆಯ ರೈಲ್ವೆ ಸಿಗ್ನಲ್ ಕಂಬದ ಮೇಲಿನ ಕೈ ಅಡ್ಡಕ್ಕಿದ್ದರೆ ನಿಲ್ಲು, ಇಳಿದಿದ್ದರೆ ಹೋಗು. ಕ್ಯಾಬಿನ್ನಿನಿಂದ ತಂತಿ ಎಳೆದು ಅದನ್ನು ಇಳಿಸುತ್ತಾರೆ. ತಂತಿ ಹರಿದರೆ ಪ್ರತಿತೂಕದ ಭಾರಕ್ಕೆ ಕೈ ತಾನಾಗಿ ಅಡ್ಡಕ್ಕೆ ಬರುತ್ತದೆ, ರೈಲು ನಿಲ್ಲುತ್ತದೆ. 'ಹೋಗು' ಅನ್ನಲು ಶ್ರಮ ಬೇಕು, 'ನಿಲ್ಲು' ಅನ್ನಲು ಬೇಡ. ಅಪ್ಪ ಮೂವತ್ತು ವರ್ಷ ಮಾಡಿದ ಕೆಲಸ ಇದೇ. ಫ್ಯಾನಿಗೂ ಹಾಗೇ ಮಾಡಲು ಬರುವುದಿಲ್ಲವೇ ಎಂಬುದು ಅವರ ಪ್ರಶ್ನೆ. ಮಲಗಿಸಲು ವಿದ್ಯುತ್ ಬೇಕು, ತಿರುಗಲು ಯಾರ ಅಪ್ಪಣೆಯೂ ಬೇಡ.

ಬರುತ್ತದೆ. ಐದು ಕಾಲಿನ ರಿಲೇಯಲ್ಲಿ 87ಎ ಎಂಬ ಕಾಲು ಒಂದಿದೆ, ಹೆಚ್ಚಿನವರು ಖಾಲಿ ಬಿಡುವಂಥದ್ದು. ರಿಲೇಯ ಸುರುಳಿಗೆ ವಿದ್ಯುತ್ ಇಲ್ಲದಾಗ ಸಂಪರ್ಕ ಅಲ್ಲಿ ಇರುತ್ತದೆ. ಫ್ಯಾನನ್ನು ಅದಕ್ಕೆ ಕಟ್ಟಿದೆ. ಭೋಸರಿಯ ಕೈಗಾರಿಕಾ ಸಾಮಾನಿನ ಅಂಗಡಿಯಲ್ಲಿ ಮೂರು ತುದಿಯ ನರ-ಬಲ್ಬಿನ ಥರ್ಮೋಸ್ಟಾಟ್ ತಂದೆ, ಗೀಸರಿನಂತೆ ಬಿಸಿಗೆ ತೆರೆದುಕೊಳ್ಳುವ ತುದಿಯನ್ನು ಬಳಸಿದೆ. ನೀರು ತಣ್ಣಗಿರುವಾಗ ಅದು ಸುರುಳಿಗೆ ವಿದ್ಯುತ್ ಕೊಟ್ಟು ಫ್ಯಾನನ್ನು ತಡೆದಿಡುತ್ತದೆ. ನೀರು ಬಿಸಿಯಾದರೆ ತೆರೆದುಕೊಳ್ಳುತ್ತದೆ, ಸುರುಳಿ ಸೋಲುತ್ತದೆ, ಫ್ಯಾನ್ ತಿರುಗುತ್ತದೆ. ಥರ್ಮೋಸ್ಟಾಟಿನ ತಂತಿ ಹರಿದರೂ, ಅದರ ಸಂಪರ್ಕಕ್ಕೆ ತುಕ್ಕು ಹಿಡಿದರೂ, ಸುರುಳಿ ಸುಟ್ಟರೂ ಫ್ಯಾನ್ ತಿರುಗುತ್ತದೆ. ಒಂದು ತೊಡಕಿದೆ: ಕೀ ತೆಗೆದಾಗಲೂ ಸುರುಳಿಗೆ ವಿದ್ಯುತ್ ಇರುವುದಿಲ್ಲ, ಫ್ಯಾನ್ ರಾತ್ರಿಯಿಡೀ ತಿರುಗಿ ಬ್ಯಾಟರಿ ಕುಡಿದುಬಿಡುತ್ತದೆ. ಅದಕ್ಕೆ ಮುಖ್ಯ ದಾರಿಯಲ್ಲಿ ಇಗ್ನಿಷನ್ನಿನಿಂದ ಹತ್ತುವ ಎರಡನೇ ರಿಲೇ ಬೇಕಾಯಿತು. ಆ ರಿಲೇ, ಫ್ಯೂಸ್, ಮೋಟಾರು ಕೆಟ್ಟರೆ ಈ ಉಪಾಯವೂ ಉಳಿಸುವುದಿಲ್ಲ. ಅದಕ್ಕೆಂದು ಫ್ಯಾನಿಗೆ ಕರೆಂಟ್ ಹೋಗುವಾಗ ಹತ್ತುವ ಹಸಿರು ದೀಪವೊಂದನ್ನು ಡ್ಯಾಶ್‌ಬೋರ್ಡಿಗೆ ಕಟ್ಟಿದೆ.

ಬಲ್ಬನ್ನು ಹೋಸಿನೊಳಗೆ ತೂರಿಸಲಿಲ್ಲ, ಅಲ್ಲಿ ನೀರು ಜಿನುಗುತ್ತದೆ. ರೇಡಿಯೇಟರಿನ ಮೇಲ್ತೊಟ್ಟಿಗೆ ತಾಮ್ರದ ಪಟ್ಟಿಯಿಂದ ಬಿಗಿದೆ. ಹೊರಗಿನಿಂದ ಮುಟ್ಟಿ ನೋಡುವುದರಿಂದ ನಾಲ್ಕೈದು ಡಿಗ್ರಿ ಕಡಿಮೆ ತೋರಿಸುತ್ತದೆ, ಆ ಲೆಕ್ಕ ಹಿಡಿದು 84ಕ್ಕೆ ಇಟ್ಟೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ, ತೆರೆದ ಪಾತ್ರೆಯ ನೀರು ಇಲ್ಲಿ 98 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಕುಕ್ಕರಿನ ವಿಜಲ್‌ನಂತೆ ಒತ್ತಡ ಹಿಡಿದು ಆ ಮಿತಿಯನ್ನು ಮೇಲೇರಿಸುತ್ತದೆ, ನಿಜ, ಆದರೆ ನಲವತ್ತು ವರ್ಷ ದಾಟಿದ ಗಾಡಿಯಲ್ಲಿ ಮುಚ್ಚಳವನ್ನು ನಂಬಿ ಕೂರಬಾರದು. ಇಡೀ ಜೋಡಣೆಗೆ ಬಾಡಿಯಲ್ಲಿ ಒಂದೂ ಹೊಸ ತೂತು ಕೊರೆಯಲಿಲ್ಲ. ಬೇಕೆಂದರೆ ಒಂದು ಮಧ್ಯಾಹ್ನದಲ್ಲಿ ಎಲ್ಲ ಬಿಚ್ಚಿ ಬೆಲ್ಟ್ ಫ್ಯಾನ್ ವಾಪಸ್ ಹಾಕಬಹುದು.

2023ರ ಅಕ್ಟೋಬರ್ ಕೊನೆಯಲ್ಲಿ ಮುಂಬಯಿಯ ಕಾಳಿ-ಪೀಲಿ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿಯಿತು ಎಂದು ಪೇಪರಿನಲ್ಲಿ ಬಂತು. ಕೊನೆಯದು 2003ರಲ್ಲಿ ನೋಂದಾಯಿಸಿದ್ದು, ಇಪ್ಪತ್ತು ವರ್ಷದ ಮಿತಿ ತುಂಬಿತ್ತು. ಅಪ್ಪ ಸುದ್ದಿಯನ್ನು ಎರಡು ಸಲ ಓದಿ, ದೀಪಾವಳಿಗೆ ಹುಬ್ಬಳ್ಳಿಗೆ ಹೋಗೋಣ, ಅದರಾಗೇ, ಎಂದರು. ಖಂಬಾಟ್ಕಿಯ ಏರಿನಲ್ಲಿ ಮತ್ತೆ ಲಾರಿಗಳ ಸಾಲು. ಅರ್ಧ ದಾರಿಯಲ್ಲಿ ಹಸಿರು ದೀಪ ಹತ್ತಿತು, ಮುಂದಿನಿಂದ ಫ್ಯಾನಿನ ಸದ್ದು ಬಂತು. ಅಪ್ಪ ಈ ಸಲ ಮುಂದಿನ ಸೀಟಿನಲ್ಲಿದ್ದರು. ಏನೂ ಕೇಳಲಿಲ್ಲ, ಕಿಟಕಿಯ ಗಾಜು ಇಳಿಸಿ ಸ್ವಲ್ಪ ಹೊತ್ತು ಕಿವಿಗೊಟ್ಟರು, ಮತ್ತೆ ಏರಿಸಿದರು.

ಹಳೆಯ ಫ್ಯಾನ್ ಪುಣೆಯ ಮನೆಯ ಅಟ್ಟದಲ್ಲಿ ಒಂದು ರಟ್ಟಿನ ಡಬ್ಬಿಯಲ್ಲಿದೆ. ಡಬ್ಬಿಯ ಮೇಲೆ ಅಪ್ಪನ ಕೈಬರಹ: 'ಪದ್ಮಿನಿ ಮೂಲ ಫ್ಯಾನ್. ಒಗೀಬ್ಯಾಡ.'